ಸೀಸನ್ ಬಂತು, ಚಿಲ್ಲರೆ ಇಲ್ಲ

ಐನೂರು ಪೆಸೊ ನೋಟು ಹಿಡಿದು ಎಳನೀರು ಕುಡಿಯಲು ಹೋದವರಿಗೆ ಮೆಕ್ಸಿಕೋದ ಸಣ್ಣ ಕಡಲೂರುಗಳಲ್ಲಿ ಸಿಗುವ ಮೊದಲ ಉತ್ತರ ‘ಚಿಲ್ಲರೆ ಇಲ್ಲ’. ಎಟಿಎಂ ಕೊಡುವುದು ದೊಡ್ಡ ನೋಟು, ಅಂಗಡಿಯಾಕೆಗೆ ಬೇಕಾದದ್ದು ಹತ್ತು, ಇಪ್ಪತ್ತರ ನಾಣ್ಯ. ಉಳಿದ ದಿನಗಳಲ್ಲಿ ಇದೊಂದು ಸಣ್ಣ ಕಿರಿಕಿರಿ. ಡಿಸೆಂಬರ್ ಮೂರನೇ ವಾರ ಬಂತೆಂದರೆ ಊರಿಗೆ ಊರೇ ಚಿಲ್ಲರೆ ಹುಡುಕುತ್ತದೆ. ಅಂಗಡಿಯ ಹುಡುಗ ನೋಟು ಹಿಡಿದು ಪಕ್ಕದ ಹೋಟೆಲಿಗೆ ಓಡುತ್ತಾನೆ, ಅಲ್ಲಿಲ್ಲದಿದ್ದರೆ ಅದರಾಚೆಯದಕ್ಕೆ. ಗಿರಾಕಿ ಕುಡಿದ ಎಳನೀರಿನ ಬುರುಡೆ ಹಿಡಿದು ಬಿಸಿಲಲ್ಲೇ ನಿಂತಿರುತ್ತಾನೆ. ಹಣ ಊರಿಗೆ ನುಗ್ಗಿದೆ, ಆದರೆ ಇನ್ನೂ ಕೈಯಿಂದ ಕೈಗೆ ಹರಿಯುತ್ತಿಲ್ಲ.

ನಾನು ಹೇಳಹೊರಟಿರುವ ಊರು ಮಾಸುಂತೆ. ಮೆಕ್ಸಿಕೋದ ದಕ್ಷಿಣಕ್ಕಿರುವ ವಹಾಕಾ ರಾಜ್ಯದ ಪೆಸಿಫಿಕ್ ದಂಡೆಯ ಹಳ್ಳಿ. ಒಂದು ಮುಖ್ಯ ಬೀದಿ, ಅದರಿಂದ ಮರಳಿಗೆ ಇಳಿಯುವ ಕೆಲವು ಕಿರುದಾರಿಗಳು, ಪಡುವಣಕ್ಕೆ ಸಮುದ್ರದೊಳಕ್ಕೆ ಚಾಚಿದ ಪುಂತಾ ಕೊಮೆತಾ ಎಂಬ ಬೆಟ್ಟದ ಮೂಗು. ಇಡೀ ವಹಾಕಾದ ದಕ್ಷಿಣದ ತುದಿ ಅದೇ. ಎಡಬಲದಲ್ಲಿ ಸಾನ್ ಅಗುಸ್ತಿನಿಯೊ, ಸಿಪೊಲಿತೆ, ಪುಯೆರ್ತೊ ಆಂಹೆಲ್, ಲಾ ವೆಂತಾನಿಯಾ ಎಂಬ ಊರುಗಳು ಸಾಲಾಗಿವೆ. ಖಾಯಂ ವಾಸಿಗಳು ಸಾವಿರದ ಆಸುಪಾಸು. ಬ್ಯಾಂಕು, ದೊಡ್ಡ ಸಂತೆ, ಆಸ್ಪತ್ರೆ ಏನೇ ಬೇಕಿದ್ದರೂ ಒಳನಾಡಿನ ಪೊಚುತ್ಲಾ ಪಟ್ಟಣಕ್ಕೆ ಹೋಗಬೇಕು. ಅಲ್ಲಿಗೆ ಓಡಾಡುವುದು ಬಸ್ಸಲ್ಲ, ಹಿಂದೆ ಎರಡು ಬೆಂಚು ಹಾಕಿ ಮೇಲೆ ತಾಡಪಾಲು ಹೊದಿಸಿದ ಪಿಕಪ್ ಗಾಡಿಗಳು. ಕಾಮಿಯೊನೆತಾ ಎನ್ನುತ್ತಾರೆ. ಐಸ್ ಗಡ್ಡೆ, ಬಿಯರ್ ಕ್ರೇಟು, ಕೋಳಿಮೊಟ್ಟೆ, ಸ್ವೀಡನ್ನಿನ ಬೆನ್ನುಚೀಲದ ಹುಡುಗಿ, ಪೇಟೆಯಿಂದ ಔಷಧಿ ತರುವ ಅಜ್ಜಿ, ಎಲ್ಲಕ್ಕೂ ಅದೇ ಬೆಂಚು.

ಇಲ್ಲಿ ಸೀಸನ್ ಒಂದಲ್ಲ, ಎರಡು. ಎರಡೂ ಬರುವುದು ಮಳೆಯಿಲ್ಲದ ಕಾಲದಲ್ಲಿ, ನವೆಂಬರಿನಿಂದ ಏಪ್ರಿಲ್ ನಡುವೆ. ಮೊದಲನೆಯದು ಚಳಿಗೆ ಓಡಿಬರುವ ವಿದೇಶಿಯರದು. ಕೆನಡಾ, ಅಮೆರಿಕ, ಜರ್ಮನಿ, ಫ್ರಾನ್ಸಿನವರು ವಾರಗಟ್ಟಲೆ ತಂಗುತ್ತಾರೆ. ಇಟಲಿಯವರಂತೂ ಈ ಕರಾವಳಿಯಲ್ಲಿ ಅಂಗಡಿ ಹಾಕಿಕೊಂಡೇ ಕೂತಿದ್ದಾರೆ. 1992ರಲ್ಲಿ ಗಾಬ್ರಿಯೆಲೆ ಸಾಲ್ವತೋರೆಸ್ ಪಕ್ಕದ ಪುಯೆರ್ತೊ ಎಸ್ಕೊಂದಿದೊ ಪಟ್ಟಣದ ಹೆಸರನ್ನೇ ಇಟ್ಟು ತೆಗೆದ ಸಿನಿಮಾ ನೋಡಿ ಬಂದವರು ಹಲವರು. ಈ ವಿದೇಶಿಯರು ಯೋಗ, ಸರ್ಫಿಂಗ್, ಲ್ಯಾಪ್‌ಟಾಪು ಎಂದು ನಿಧಾನವಾಗಿ ದಿನ ದೂಡುತ್ತಾರೆ, ನಿಧಾನವಾಗಿಯೇ ಖರ್ಚು ಮಾಡುತ್ತಾರೆ. ಒಂದು ಕಾಫಿಗೆ ಮೂರು ಗಂಟೆ ವೈಫೈ.

ಎರಡನೆಯದು ಮೆಕ್ಸಿಕನ್ನರದೇ ಸೀಸನ್. ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗೆ ಒಂದು ಅಲೆ, ಈಸ್ಟರ್ ವಾರದಲ್ಲಿ, ಅಂದರೆ ಸೆಮಾನಾ ಸಾಂತಾದಲ್ಲಿ, ಅದಕ್ಕಿಂತ ದೊಡ್ಡ ಅಲೆ. ಪ್ರವಾಸ ಎಂದ ಕೂಡಲೇ ನಮ್ಮ ಪತ್ರಿಕೆಗಳು ಬಿಳಿಯರ ಚಿತ್ರ ಹಾಕುವ ಚಾಳಿಯಿಂದಾಗಿ ಈ ಎರಡನೆಯ ಅಲೆ ಕಣ್ಣಿಗೇ ಬೀಳುವುದಿಲ್ಲ. ಈ ಅಲೆಯ ಹಿಂದೆ ಕಾನೂನಿನ ಕೈವಾಡವಿದೆ. ಮೆಕ್ಸಿಕೋದ ಕಾರ್ಮಿಕ ಕಾಯ್ದೆಯ ಪ್ರಕಾರ ಮಾಲೀಕರು ಡಿಸೆಂಬರ್ 20ರೊಳಗೆ ಪ್ರತಿ ನೌಕರನಿಗೂ ಕನಿಷ್ಠ ಹದಿನೈದು ದಿನಗಳ ಸಂಬಳವನ್ನು ಹೆಚ್ಚುವರಿಯಾಗಿ ಕೊಡಲೇಬೇಕು. ಅಗಿನಾಲ್ದೊ ಎಂಬ ಈ ಬೋನಸ್ ಕೈಗೆ ಬಂದ ಮೇಲೆ ಊರು ಬಿಡಲು ಇನ್ನೇನು ಬೇಕು? 2023ರ ಜನವರಿಯಿಂದ ಇನ್ನೊಂದು ಬದಲಾವಣೆಯಾಯಿತು. ಒಂದು ವರ್ಷ ದುಡಿದವರಿಗೆ ಸಿಗುತ್ತಿದ್ದ ಆರು ದಿನಗಳ ಸಂಬಳಸಹಿತ ರಜೆ ಹನ್ನೆರಡಾಯಿತು. ಫ್ಯಾಕ್ಟರಿಯಲ್ಲಿ ದುಡಿಯುವವನೂ ಹೆಂಡತಿ, ಮಕ್ಕಳು, ಅತ್ತೆ, ಥರ್ಮೋಕೋಲ್ ಪೆಟ್ಟಿಗೆ ತುಂಬ ಐಸು, ಒಂದು ಟೆಂಟು ಸಮೇತ ಕಡಲಿಗೆ ಬರಬಲ್ಲ.

ಇವರಿಬ್ಬರಲ್ಲಿ ಊರಿನವರಿಗೆ ಯಾರು ಮೇಲು? ಹೊರಗಿನವರಿಗೆ ಕಂಡಷ್ಟು ಸುಲಭವಾದ ಉತ್ತರ ಇದಕ್ಕಿಲ್ಲ. ಮೆಕ್ಸಿಕನ್ ಕುಟುಂಬ ತನ್ನ ಬುತ್ತಿ ತಾನೇ ತರುತ್ತದೆ, ಗದ್ದಲ ಮಾಡುತ್ತದೆ, ನಾಲ್ಕು ದಿನಕ್ಕೆ ಹೋಗಿಬಿಡುತ್ತದೆ. ಆದರೆ ಕೂತಿತೆಂದರೆ ಹನ್ನೆರಡು ಜನ ಒಟ್ಟಿಗೆ ಕೂರುತ್ತಾರೆ, ಇಡೀ ಕೆಂಪು ಮೀನು ಹುರಿಸುತ್ತಾರೆ, ದೋಣಿ ಹತ್ತುತ್ತಾರೆ, ಮಕ್ಕಳಿಗೆ ಕೊಬ್ಬರಿ ಮಿಠಾಯಿ ಕೊಡಿಸುತ್ತಾರೆ. ವಿದೇಶಿಯ ದುಡ್ಡು ಕೋಣೆ ಬಾಡಿಗೆಗೆ ಹೋದರೆ, ಇವರ ದುಡ್ಡು ಅಡುಗೆಮನೆಗೆ ಬರುತ್ತದೆ. ಬುಟ್ಟಿ ಹೊತ್ತು ಮರಳ ಮೇಲೆ ನಡೆಯುವ ಹೆಂಗಸಿಗೆ ಸೆಮಾನಾ ಸಾಂತಾದ ಒಂದು ವಾರ ಕೊಡುವುದನ್ನು ಫೆಬ್ರುವರಿಯ ಸಸ್ಯಾಹಾರಿ ಯೋಗಶಿಬಿರಗಳು ಕೊಡಲಾರವು ಎಂದೇ ನನ್ನ ಅಂದಾಜು.

ಸೀಸನ್ನಿನಲ್ಲಿ ಬೆಳಗು ಐದಕ್ಕೂ ಮುಂಚೆ ಶುರು. ಲಾಂಚಾ ಎನ್ನುವ ಫೈಬರ್ ದೋಣಿಗಳು ಕತ್ತಲಲ್ಲೇ ಮೀನಿಗೆ ಹೊರಡುತ್ತವೆ. ಹಿಂತಿರುಗಿ ಬರುವ ರೀತಿ ನೋಡುವಂಥದ್ದು. ಜೆಟ್ಟಿ ಇಲ್ಲ, ಬಂದರಿಲ್ಲ. ಅಲೆಯೊಂದನ್ನು ಕಾದು, ಮೋಟಾರಿನ ಪೂರ್ತಿ ವೇಗದಲ್ಲಿ ದೋಣಿಯನ್ನು ಸೀದಾ ಮರಳಿಗೆ ನುಗ್ಗಿಸುತ್ತಾರೆ, ಕೊನೆಯ ಗಳಿಗೆಯಲ್ಲಿ ಮೋಟಾರನ್ನು ಮೇಲಕ್ಕೆತ್ತುತ್ತಾರೆ. ದಡದಲ್ಲಿ ಟವೆಲ್ ಹಾಸಿ ಮಲಗಿದವರು ದಡಬಡಿಸಿ ಏಳುತ್ತಾರೆ. ಮೀನು ಇಳಿಸಿದ ಮೇಲೆ ಅದೇ ದೋಣಿ ತೊಳೆದು, ಲೈಫ್ ಜಾಕೆಟ್ ಜೋಡಿಸಿ ಪ್ರವಾಸಿಗರನ್ನು ಹತ್ತಿಸುವುದೂ ಉಂಟು. ಡಾಲ್ಫಿನ್, ಆಮೆ ಇವು ಸಾಮಾನ್ಯ. ಡಿಸೆಂಬರಿನಿಂದ ಮಾರ್ಚ್ ನಡುವೆ ಬಂದವರಿಗೆ ಅದೃಷ್ಟವಿದ್ದರೆ ಗೂನು ತಿಮಿಂಗಿಲ. ಸೀಸನ್ನಿನಲ್ಲಿ ಮೀನುಗಾರನೊಬ್ಬ ಪೆಟ್ರೋಲಿನ ಲೆಕ್ಕ ಹಾಕುವಾಗ ಮೀನಿಗಿಂತ ತಿಮಿಂಗಿಲವೇ ಲಾಭ ಎನ್ನುವುದು ತಾನಾಗಿ ಹೊಳೆಯುತ್ತದೆ. ಹೊಳೆದಷ್ಟೂ ಬಲೆ ಒಣಗುತ್ತದೆ, ಹೋಟೆಲಿನ ಮೀನು ಹೊರಗಿನಿಂದ ಐಸ್ ಲಾರಿಯಲ್ಲಿ ಬರುತ್ತದೆ.

ಅಡುಗೆಮನೆಯಲ್ಲಿ ಹಿಂದಿನ ರಾತ್ರಿಯೇ ಕೆಲಸ ಶುರುವಾಗಿರುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ನೆನೆಯಲು ಬಿಟ್ಟಿರುತ್ತಾರೆ. ಬೆಳಗ್ಗೆ ತೊಳೆದು, ಗಿರಣಿಗೆ ಕೊಟ್ಟು, ಹಿಟ್ಟಿನ ಮುದ್ದೆ ತಂದು, ಕಾವಲಿಯ ಮೇಲೆ ಟೋರ್ಟಿಯಾ ಬೇಯಿಸುತ್ತಾರೆ. ಮೀನು ತುಂಬಿ ಕರಿದ ಟೋರ್ಟಿಯಾಕ್ಕೆ ಪೆಸ್ಕಾದಿಯಾ ಎನ್ನುತ್ತಾರೆ, ಈ ಕರಾವಳಿಯ ತಿಂಡಿ ಅದು. ಕುಡಿಯಲು ಹಮಾಯ್ಕಾ ಎಂಬ ಕೆಂಪು ಶರಬತ್ತು. ನಮ್ಮ ಉತ್ತರ ಕರ್ನಾಟಕದ ಪುಂಡಿಯ ಬಳಗದ ಗಿಡದ ಹೂಬಟ್ಟಲನ್ನು ಒಣಗಿಸಿ ಕುದಿಸಿದ್ದು. ನಾವು ಎಲೆ ತಿಂದು ಸುಮ್ಮನಾದೆವು, ಅವರು ಹೂವಿನ ಬುಡಕ್ಕೆ ಕೈಹಾಕಿದರು. ಹುಣಸೆಯ ಶರಬತ್ತೂ ಇದೆ. ಇವುಗಳಂತೆ ತೆಂಗು ಕೂಡ ಇಲ್ಲಿಯದಲ್ಲ. 1565ರಿಂದ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಓಡಾಡಿದ ಸ್ಪೇನಿನ ಹಡಗುಗಳ ಕಾಲದಲ್ಲಿ ಏಷ್ಯಾದಿಂದ ಪೆಸಿಫಿಕ್ ದಾಟಿ ಬಂದದ್ದು. ಎಳನೀರು ಹೀರುತ್ತ ‘ಅಪ್ಪಟ ಮೆಕ್ಸಿಕೋ’ ಎನ್ನುವ ಪ್ರವಾಸಿಗೆ ಇದನ್ನು ಹೇಳಿ ಮಜಾ ಕೆಡಿಸುವ ಅಗತ್ಯವೇನಿಲ್ಲ.

ಕೈಗಳು ಸಾಲುವುದಿಲ್ಲ. ಶಾಲೆಗೆ ಕ್ರಿಸ್‌ಮಸ್‌ಗೂ ಈಸ್ಟರ್‌ಗೂ ಎರಡೆರಡು ವಾರ ರಜೆ, ಹಾಗಾಗಿ ಮಕ್ಕಳು ತಟ್ಟೆ ಎತ್ತುತ್ತಾರೆ. ಪಟ್ಟಣದಲ್ಲಿ ಓದುವ ಅಕ್ಕ ಬಂದು ಲೆಕ್ಕ ಬರೆಯುತ್ತಾಳೆ. ಇನ್ನೂ ಸಾಲದಿದ್ದಾಗ ಬೆಟ್ಟದಿಂದ ಜನ ಇಳಿಯುತ್ತಾರೆ. ಪೊಚುತ್ಲಾದ ಬೆನ್ನಿಗೇ ಸಿಯೆರ್ರಾ ಸುರ್ ಬೆಟ್ಟಸಾಲು, ಅಲ್ಲಿ ಪ್ಲೂಮಾ ಹಿದಾಲ್ಗೊ ಸುತ್ತಮುತ್ತ ಕಾಫಿ ತೋಟಗಳು. ಕಾಫಿ ಕೊಯ್ಲೂ ಅದೇ ಚಳಿಗಾಲದ ತಿಂಗಳುಗಳಲ್ಲಿ. ಹಣ್ಣು ಕೀಳುವುದೋ, ಕೋಣೆ ಗುಡಿಸುವುದೋ? ಹೋಂಸ್ಟೇಗಳು ತುಂಬಿರುವಾಗಲೇ ಕೊಯ್ಲಿಗೆ ಆಳಿಲ್ಲದೆ ಒದ್ದಾಡುವ ಕೊಡಗು, ಚಿಕ್ಕಮಗಳೂರಿನ ತೋಟಗಾರರಿಗೆ ಈ ಪೈಪೋಟಿ ಹೊಸದೇನಲ್ಲ. 2025ರಲ್ಲಿ ಮೆಕ್ಸಿಕೋದ ಬಹುಭಾಗದಲ್ಲಿ ಕನಿಷ್ಠ ಕೂಲಿ ದಿನಕ್ಕೆ 278.80 ಪೆಸೊ ಇತ್ತು. ಸೀಸನ್ನಿನಲ್ಲಿ ಕಡಲು ಕಾಣುವ ಒಂದು ಕೋಣೆಯ ರಾತ್ರಿಯ ಬಾಡಿಗೆ ಅದರ ಹಲವು ಪಟ್ಟು. ಆ ಕೋಣೆಗೆ ಚಾದರ ಹಾಸುವವಳು ಸಂಜೆ ಗುಡ್ಡದ ಹಿಂದಿನ ಬಾಡಿಗೆ ಗುಡಿಸಲಿಗೆ ಹೋಗುತ್ತಾಳೆ. ಊರಿನವರ ಕಷ್ಟಸುಖ ಬರೆಯುವ ಲೇಖನಗಳಲ್ಲಿ ಇವಳು ಬರುವುದು ಕಡಿಮೆ, ಯಾಕೆಂದರೆ ಇವಳು ಊರಿನವಳಲ್ಲ.

ನೀರಿನ ಮಾತಿಗೆ ಬರೋಣ. ಇಲ್ಲಿ ಮಳೆ ಜೂನಿನಿಂದ ಅಕ್ಟೋಬರ್. ಆಮೇಲೆ ಆಕಾಶ ಬಾಯಿ ಮುಚ್ಚಿದರೆ ಮುಗಿಯಿತು. ಪ್ರವಾಸಿಗರನ್ನು ಕರೆತರುವ ಆ ನೀಲಿ ಆಕಾಶವೇ ಬಾವಿಗಳನ್ನು ಬತ್ತಿಸುವುದು. ಹೊಳೆ, ಹಳ್ಳಗಳು ತೀರ ಸೊರಗಿದ ಹೊತ್ತಿಗೆ, ಮಾರ್ಚ್ ಕೊನೆ ಅಥವಾ ಏಪ್ರಿಲಿನಲ್ಲಿ, ಈಸ್ಟರ್ ಬಂದು ಊರಿನ ತಲೆಯೆಣಿಕೆ ಹಲವು ಪಟ್ಟಾಗುತ್ತದೆ. ಪ್ರತಿಯೊಬ್ಬರೂ ದಿನಕ್ಕೆರಡು ಬಾರಿ ಉಪ್ಪುನೀರು ತೊಳೆದುಕೊಳ್ಳಬೇಕು. ಕಡಲಿಗೆ ಹತ್ತಿರದ ಬಾವಿಯಿಂದ ಮಿತಿಮೀರಿ ಎಳೆದರೆ ಸಮುದ್ರದ ಉಪ್ಪು ಒಳಗೆ ಜಿನುಗುತ್ತದೆ, ಇದು ಯಾವ ಕರಾವಳಿಗಾದರೂ ಒಂದೇ ನಿಯಮ. ಹಾಗಾಗಿ ಪ್ರತಿ ಮಾಡಿನ ಮೇಲೂ ತಿನಾಕೊ ಎಂಬ ಕರಿಯ ಪ್ಲಾಸ್ಟಿಕ್ ಟ್ಯಾಂಕು, ಅದನ್ನು ತುಂಬಲು ಪೀಪಾ ಎಂಬ ಟ್ಯಾಂಕರ್ ಲಾರಿ. ಕುಡಿಯಲು ಇಪ್ಪತ್ತು ಲೀಟರಿನ ಕ್ಯಾನು. ಬಾಟಲಿ ನೀರು ಕುಡಿಯುವುದರಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಮೆಕ್ಸಿಕೋ ಒಂದು, ಬಡವರ ಮನೆಯಲ್ಲೂ ಈ ಕ್ಯಾನು ಇರುತ್ತದೆ. ಸೀಸನ್ನಿನಲ್ಲಿ ಟ್ಯಾಂಕರು ಮೊದಲು ಯಾರ ಬಾಗಿಲಿಗೆ ಹೋಗುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕೇ? ಹತ್ತು ಕೋಣೆಯವನು ಇಡೀ ಲಾರಿ ಕೊಳ್ಳುತ್ತಾನೆ, ಒಂದೇ ಟ್ಯಾಂಕಿನ ಅಜ್ಜಿ ಕಾಯುತ್ತಾಳೆ.

ಒಳಬಂದ ನೀರು ಹೊರಹೋಗಬೇಕಲ್ಲ, ಆ ಪ್ರಶ್ನೆ ಇನ್ನೂ ಕಠಿಣ. ಇಂಥ ಊರುಗಳಲ್ಲಿ ಒಳಚರಂಡಿಗಿಂತ ಗುಂಡಿಗಳೇ ಹೆಚ್ಚು, ನೆಲವೋ ಮರಳು. ಪರಿಸರ ಸಂಘಟನೆಗಳು 1990ರ ದಶಕದಲ್ಲೇ ಇಲ್ಲಿ ಒಣ ಶೌಚಾಲಯಗಳನ್ನು ಪರಿಚಯಿಸಿದ್ದವು. ಮರದಪುಡಿ ಹಾಕಿ ಮುಚ್ಚುವ ಆ ಪಾಯಿಖಾನೆ ಈಗಲೂ ಕೆಲವು ವಸತಿಗಳಲ್ಲಿದೆ. ಫ್ಲಶ್ ಇಲ್ಲದ ಕೋಣೆಗೆ ಬಾಡಿಗೆ ಕಡಿಮೆ ಎನ್ನುವುದೇ ಅದರ ಶತ್ರು.

ಈ ಊರು ಪ್ರವಾಸಿಗರ ಊರಾದದ್ದು ತಾನಾಗಿ ಅಲ್ಲ. 1960ರ ದಶಕದಿಂದ ಇಲ್ಲಿಯ ಬದುಕು ಕಡಲಾಮೆಯ ಮೇಲೆ ನಿಂತಿತ್ತು. ಪಕ್ಕದ ಸಾನ್ ಅಗುಸ್ತಿನಿಯೊದಲ್ಲಿ ಕಸಾಯಿಖಾನೆ. ಸಾವಿರಾರು ಆಮೆಗಳು ಅಲ್ಲಿ ಮಾಂಸ, ಚರ್ಮ, ಎಣ್ಣೆಯಾಗುತ್ತಿದ್ದವು. ಮಾಸುಂತೆಯ ಗಂಡಸರು ಹಿಡಿಯುವವರು, ಇಲ್ಲವೇ ಕಡಿಯುವವರು. ಕವಿ ಒಮೆರೊ ಅರಿದ್ಖಿಸ್ ಮತ್ತು ಅವರ ಕಲಾವಿದ, ಬರಹಗಾರ ಮಿತ್ರರ ‘ನೂರು ಜನರ ಬಳಗ’ ಇದರ ವಿರುದ್ಧ ದೇಶವಿದೇಶಗಳಲ್ಲಿ ದನಿಯೆತ್ತಿತು. 1990ರಲ್ಲಿ ಅಧ್ಯಕ್ಷ ಕಾರ್ಲೋಸ್ ಸಲೀನಾಸ್ ಆಮೆ ಬೇಟೆಯನ್ನೂ ಮೊಟ್ಟೆ ಮಾರಾಟವನ್ನೂ ಪೂರ್ತಿ ನಿಷೇಧಿಸಿದರು. ಆಮೆಗಳಿಗೆ ಒಳ್ಳೆಯದಾಯಿತು; ಊರಿನ ಒಲೆ ಆರಿತು. ಪರ್ಯಾಯವಾಗಿ ಬಂದದ್ದು 1994ರಲ್ಲಿ ಬಾಗಿಲು ತೆರೆದ ಮೆಕ್ಸಿಕನ್ ಆಮೆ ಕೇಂದ್ರ, ಬಾಡಿ ಶಾಪ್ ಕಂಪನಿಯ ಅನಿತಾ ರಾಡಿಕ್ ಅವರ ನೆರವಿನಿಂದ ಶುರುವಾದ ಸಾಬೂನು ಮತ್ತು ಎಣ್ಣೆಗಳ ಸಹಕಾರ ಸಂಘ, ಲಾ ವೆಂತಾನಿಯಾದ ಮೊಸಳೆ ಹಿನ್ನೀರಿನಲ್ಲಿ ಹಳ್ಳಿಗರೇ ನಡೆಸುವ ದೋಣಿಯಾತ್ರೆ. ಮೆಲ್ಲಗೆ ಜನ ಬಂದರು, ಮನೆಯ ಹಿಂದೆ ಒಂದು ತೂಗುಮಂಚ ಕಟ್ಟಿದರು, ಆಮೇಲೆ ಒಂದು ಕೋಣೆ. 2015ರಲ್ಲಿ ಸರ್ಕಾರ ಮಾಸುಂತೆಗೆ ‘ಮಾಯಾನಗರಿ’ ಪಟ್ಟ ಕೊಟ್ಟು ತನ್ನ ಪ್ರವಾಸಿ ಪಟ್ಟಿಗೆ ಸೇರಿಸಿತು.

ಆಮೆಗಳು ಏನಾದವು? ಅವುಗಳಲ್ಲಿ ಮುಖ್ಯವಾದ ಆಲಿವ್ ರಿಡ್ಲೆ ನಮ್ಮ ಒಡಿಶಾದ ಗಹಿರ್‌ಮಥಾ ಮತ್ತು ಋಷಿಕುಲ್ಯಾದಲ್ಲಿ ಗುಂಪುಗುಂಪಾಗಿ, ಹೊನ್ನಾವರ, ಕಾರವಾರದ ಮರಳಿನಲ್ಲಿ ಒಂಟಿಯಾಗಿ ಮೊಟ್ಟೆಯಿಡುವ ಅದೇ ಜೀವಿ. ಮಾಸುಂತೆಯ ಪಡುವಣಕ್ಕಿರುವ ಲಾ ಎಸ್ಕೊಬಿಯಾ ದಂಡೆಯಲ್ಲಿ ಈಗ ಒಳ್ಳೆಯ ವರ್ಷದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಗೂಡುಗಳಾಗುತ್ತವೆ. ನಿಷೇಧ ಫಲ ಕೊಟ್ಟ ಅಪರೂಪದ ಉದಾಹರಣೆ ಇದು.

ಆದರೆ ಆಮೆಯಿಂದ ಪ್ರವಾಸಿಗೆ ಎಂಬ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವುದು ತಪ್ಪು. ಪ್ರವಾಸಿ ಬಂದ ಕರಾವಳಿಯ ಊರುಗಳು ಮೆಕ್ಸಿಕೋದಲ್ಲಿ ನೂರಾರಿವೆ. ಹಲವು ಕಡೆ ಮೀನುಗಾರ ತನ್ನ ಹಳೆಯ ಜಾಗದಲ್ಲೇ ಎದ್ದ ಹೋಟೆಲಿನ ಕೂಲಿಯಾಳಾಗಿದ್ದಾನೆ. ಅಲ್ಫೊನ್ಸೊ ಕ್ವಾರೊನ್ 2001ರ ತಮ್ಮ ‘ಇ ತು ಮಮಾ ತಾಂಬಿಯೆನ್’ ಸಿನಿಮಾದಲ್ಲಿ ಇದನ್ನೇ ತಣ್ಣಗೆ ಹೇಳಿಸುತ್ತಾರೆ. ಪಡ್ಡೆ ಹುಡುಗರ ಕಡಲಯಾನದ ನಡುವೆ ನಿರೂಪಕನ ದನಿ, ಇವರಿಗೆ ಮೀನು ತಿನ್ನಿಸಿದ ದೋಣಿಯವನು ಮುಂದೆ ಹೋಟೆಲಿನ ಜಾಡಮಾಲಿಯಾಗುತ್ತಾನೆ, ಇನ್ನೆಂದೂ ಮೀನು ಹಿಡಿಯುವುದಿಲ್ಲ ಎಂದು ತಿಳಿಸಿ ಮುಂದೆ ಸಾಗುತ್ತದೆ. ಆ ಕಡಲ ದೃಶ್ಯಗಳನ್ನು ಚಿತ್ರಿಸಿದ್ದು ಮಾಸುಂತೆಯಿಂದ ಮೂಡಣಕ್ಕೆ ಗಾಡಿಯಲ್ಲಿ ಸುಮಾರು ಒಂದು ಗಂಟೆಯ ವಾತುಲ್ಕೊದಲ್ಲಿ. ಅಲ್ಲಿ 1984ರಲ್ಲಿ ಕೇಂದ್ರ ಸರ್ಕಾರ ಪ್ರವಾಸಿ ನಗರ ಕಟ್ಟಲು ಹಳ್ಳಿಗರ ಸಾಮುದಾಯಿಕ ಭೂಮಿ ಸುಮಾರು 21,000 ಹೆಕ್ಟೇರನ್ನು ಸ್ವಾಧೀನ ಮಾಡಿಕೊಂಡಿತು. ಕೊಲ್ಲಿಗಳ ದಂಡೆಯಲ್ಲಿದ್ದ ಮೀನುಗಾರರನ್ನು ಎಬ್ಬಿಸಿ ಬೇರೆಡೆ ಕೂರಿಸಿದರು. ಇವತ್ತು ಅಲ್ಲಿ ವಿಮಾನ ನಿಲ್ದಾಣವಿದೆ, ದೊಡ್ಡ ರೆಸಾರ್ಟುಗಳಿವೆ.

ಮಾಸುಂತೆಯಲ್ಲಿ ಅದಾಗಲಿಲ್ಲ. ಕಾರಣ ನೆಲ. ಈ ಊರಿನ ಭೂಮಿ ಸಾಂತಾ ಮರಿಯಾ ತೊನಮೆಕಾ ಸಮುದಾಯದ್ದು, ಒಬ್ಬೊಬ್ಬರ ಹೆಸರಿನದಲ್ಲ. ಕುಟುಂಬಗಳಿಗೆ ಬಳಸುವ ಹಕ್ಕಿದೆ, ಮಾರುವ ಹಕ್ಕಿಲ್ಲ. ಕಾನೂನಿನ ಪ್ರಕಾರ ಇಂಥ ನೆಲವನ್ನು ಪರಭಾರೆ ಮಾಡುವಂತಿಲ್ಲ, ಜಪ್ತಿಯನ್ನೂ ಮಾಡುವಂತಿಲ್ಲ. ಸಂವಿಧಾನದ 27ನೇ ವಿಧಿ ಕಡಲಿನಿಂದ 50 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಜಮೀನು ಹೊಂದುವುದನ್ನೇ ತಡೆಯುತ್ತದೆ. ಬೇರೆಡೆ ಅವರು ಬ್ಯಾಂಕಿನ ಟ್ರಸ್ಟ್ ಮೂಲಕ 50 ವರ್ಷಗಳ ಹಕ್ಕು ಪಡೆದು ಬಂಗಲೆ ಕಟ್ಟುತ್ತಾರೆ. ಸಾಮುದಾಯಿಕ ನೆಲದಲ್ಲಿ ಆ ಕಿಂಡಿಯೂ ಇಲ್ಲ. ವಿಚಿತ್ರವೆಂದರೆ, 1990ರಲ್ಲಿ ಆಮೆ ಬೇಟೆ ನಿಲ್ಲಿಸಿದ ಅದೇ ಸಲೀನಾಸ್ 1992ರಲ್ಲಿ 27ನೇ ವಿಧಿಯನ್ನು ತಿದ್ದಿ, ಮೆಕ್ಸಿಕೋ ಕ್ರಾಂತಿಯ ನಂತರ ಹಳ್ಳಿಗಳಿಗೆ ಹಂಚಿದ್ದ ಎಹಿದೊ ಜಮೀನುಗಳು ಖಾಸಗಿಯಾಗಲು ಬಾಗಿಲು ತೆರೆದರು. ಕೆರಿಬಿಯನ್ ದಂಡೆಯಲ್ಲಿ, ಪೆಸಿಫಿಕ್‌ನ ಉತ್ತರದಲ್ಲಿ ಎಷ್ಟೋ ಕಡಲೂರುಗಳು ಆ ಬಾಗಿಲಿನಿಂದಲೇ ಕೈಬಿಟ್ಟುಹೋದವು. ಸಾಮುದಾಯಿಕ ಭೂಮಿಗೆ ರಕ್ಷಣೆ ಉಳಿಯಿತು.

ಇದರ ಫಲ ದಿನನಿತ್ಯದ ಬದುಕಿನಲ್ಲಿ ಕಾಣುತ್ತದೆ. ಇಲ್ಲಿಯ ಹೋಟೆಲುಗಳಲ್ಲಿ ಹಲವು ಒಂದು ಕುಟುಂಬದ ಅಂಗಳ. ಅಡುಗೆಯಾಕೆ ಮಾಲೀಕಳೂ ಹೌದು, ಅವಳ ಮೈದುನನದು ದೋಣಿ, ಅಣ್ಣನ ಮಗನದು ಕಾಮಿಯೊನೆತಾ. ಪ್ರವಾಸಿ ಬಿಚ್ಚಿದ ನೋಟು ಊರು ಬಿಟ್ಟು ಹೋಗುವ ಮೊದಲು ಮೂರು ನಾಲ್ಕು ಕೈ ಸುತ್ತುತ್ತದೆ. ಜಮೀನು ಅಡವಿಟ್ಟು ಸಾಲ ಎತ್ತುವಂತಿಲ್ಲವಾದ್ದರಿಂದ ಒಮ್ಮೆಲೇ ಐದಂತಸ್ತು ಎಬ್ಬಿಸಲೂ ಆಗುವುದಿಲ್ಲ. ಒಂದು ಸುಗ್ಗಿಯ ಹಣಕ್ಕೆ ಒಂದು ಕೋಣೆ, ಮುಂದಿನ ಸುಗ್ಗಿಗೆ ಅದಕ್ಕೆ ಬಚ್ಚಲು. ಊರು ಚೆಲುವಾಗಿ ಉಳಿದಿರುವುದು ಊರಿನವರ ಪರಿಸರಪ್ರಜ್ಞೆಯಿಂದ ಎಂದು ಪ್ರವಾಸಿ ಪುಸ್ತಕಗಳು ಹೇಳುತ್ತವೆ. ಅದೂ ಇರಬಹುದು. ಬ್ಯಾಂಕು ಸಾಲ ಕೊಡದಿದ್ದದ್ದು ಅದಕ್ಕಿಂತ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಸಮುದಾಯ ಎಂದ ಮಾತ್ರಕ್ಕೆ ಎಲ್ಲ ಸುಸೂತ್ರ ಎಂದಲ್ಲ. ಸಭೆಯಲ್ಲಿ ಹಕ್ಕಿರುವುದು ಪಟ್ಟಿಯಲ್ಲಿ ಹೆಸರಿರುವವರಿಗೆ. ಬೆಟ್ಟದಿಂದ ಬಂದು ವರ್ಷಗಟ್ಟಲೆ ದುಡಿದವರಿಗೆ, ಮದುವೆಯಾಗಿ ಬಂದ ಹೆಣ್ಣುಮಕ್ಕಳಲ್ಲಿ ಹಲವರಿಗೆ ಅಲ್ಲಿ ದನಿಯಿಲ್ಲ. ಮಾರುವಂತಿಲ್ಲ ಎಂಬ ನಿಯಮವನ್ನು ದಾಟಲು ದೀರ್ಘಾವಧಿ ಗುತ್ತಿಗೆ, ‘ಹಕ್ಕು ಬಿಟ್ಟುಕೊಡುವ’ ಕಾಗದ ಎಂಬ ದಾರಿಗಳಿವೆ. ಊರಿನವನ ಹೆಸರಲ್ಲಿ ಹೊರಗಿನವರು ನಡೆಸುವ ಕಾಫಿ ಅಂಗಡಿ ಇಂಥ ಕಡೆ ಅಪರೂಪವಲ್ಲ. ಕಡಲಂಚಿನ ಇಪ್ಪತ್ತು ಮೀಟರ್ ಮರಳು ಯಾರದೂ ಅಲ್ಲ, ಕೇಂದ್ರದ್ದು. 2020ರ ತಿದ್ದುಪಡಿಯ ನಂತರ ಅಲ್ಲಿಗೆ ಜನರನ್ನು ತಡೆದವರಿಗೆ ಹತ್ತು ಲಕ್ಷ ಪೆಸೊ ಆಸುಪಾಸಿನ ದಂಡ ಹಾಕಬಹುದು. ಆದರೂ ಕಡಲೂರುಗಳಲ್ಲಿ ಕೊಡೆ ನೆಟ್ಟವನು ‘ಏನಾದರೂ ತಗೊಂಡರೆ ಮಾತ್ರ ಕೂರಿ’ ಎನ್ನುವುದು ನಿಂತಿಲ್ಲ.

ಈಗ ದೊಡ್ಡ ಪರೀಕ್ಷೆ ಬಂದಿರುವುದು ರಸ್ತೆಯ ರೂಪದಲ್ಲಿ. ವಹಾಕಾ ನಗರದಿಂದ ಈ ಕರಾವಳಿಗೆ ಬರಲು ಬೆಟ್ಟದ ತಿರುವುಗಳಲ್ಲಿ ಆರೇಳು ಗಂಟೆ ಹಿಡಿಯುತ್ತಿತ್ತು. ವಾಂತಿ ಮಾತ್ರೆ ನುಂಗಿ ವ್ಯಾನು ಹತ್ತುವುದು ವಾಡಿಕೆಯಾಗಿತ್ತು. ಆ ತಿರುವುಗಳೇ ಜನಸಂದಣಿಯನ್ನು ತಡೆದ ಕೋಟೆಯಾಗಿದ್ದವು. 2024ರ ಫೆಬ್ರುವರಿಯಲ್ಲಿ ಪುಯೆರ್ತೊ ಎಸ್ಕೊಂದಿದೊವರೆಗಿನ ಹೊಸ ಹೆದ್ದಾರಿಯನ್ನು ಅಧ್ಯಕ್ಷ ಲೋಪೆಸ್ ಒಬ್ರದೊರ್ ಉದ್ಘಾಟಿಸಿದರು, ಅಲ್ಲಿಗೆ ಪಯಣ ಸುಮಾರು ಮೂರು ಗಂಟೆಗೆ ಇಳಿಯಿತು. ನಗರದವರು ಶುಕ್ರವಾರ ಸಂಜೆ ಹೊರಟು ರಾತ್ರಿಯೂಟಕ್ಕೆ ಕಡಲ ದಂಡೆಯಲ್ಲಿರಬಹುದು. ಸೋಮವಾರಕ್ಕೆ ಹೊಂದಿಸಿದ ಸರ್ಕಾರಿ ರಜೆಗಳೂ ವರ್ಷಕ್ಕೆ ಮೂರು ಬರುತ್ತವೆ, ನವೆಂಬರ್, ಫೆಬ್ರುವರಿ, ಮಾರ್ಚಿನಲ್ಲಿ. ಸೀಸನ್ನಿನ ನಡುವಿನ ಬಿಡುವು ಹೀಗೆ ತುಂಬಿಕೊಳ್ಳುತ್ತಿದೆ. ಬೆಟ್ಟದ ತಾಯಿಗೆ ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ಯಲು ಅದೇ ರಸ್ತೆ ಬೇಕು, ಹಾಗಾಗಿ ರಸ್ತೆ ಬೇಡವಿತ್ತು ಎಂದು ದೂರದಲ್ಲಿ ಕೂತು ಹೇಳುವ ಹಕ್ಕು ನಮಗಿಲ್ಲ. ಬಾಡಿಗೆ ಏರುವ ಬಿಸಿ ಮೊದಲು ತಟ್ಟುವುದು ಮಾತ್ರ ಗುಡ್ಡದ ಹಿಂದಿನ ಗುಡಿಸಲಿಗೆ. ಮೆಕ್ಸಿಕೋ ನಗರದಲ್ಲಿ 2025ರ ಜುಲೈಯಲ್ಲಿ ವಿದೇಶಿಯರಿಂದ ಏರಿದ ಮನೆಬಾಡಿಗೆಯ ವಿರುದ್ಧ ಜನ ಬೀದಿಗಿಳಿದರು. ಕರಾವಳಿಯಲ್ಲಿ ಬಾಡಿಗೆ ಕೊಡುವವನೂ ನೆರೆಯವನೇ ಆದ್ದರಿಂದ ಜಗಳ ಬೀದಿಗೆ ಬರುವುದಿಲ್ಲ, ಮನೆಯೊಳಗೇ ಕುದಿಯುತ್ತದೆ.

ಈಸ್ಟರ್ ಮುಗಿದ ವಾರದಿಂದ ಪಾಲಾಪಾ ರಿಪೇರಿ ಶುರು. ಗರಿ ಹೊದಿಸಿದ ಆ ಮಾಡುಗಳಿಗೆ ಕೆಲವು ವರ್ಷಗಳಿಗೊಮ್ಮೆ ಹೊಸ ಹೊದಿಕೆ ಬೇಕು. ಹುಣ್ಣಿಮೆಯಲ್ಲಿ ಕಡಿದ ಗರಿಗೆ ಹುಳು ಹಿಡಿಯುವುದಿಲ್ಲ ಎಂದು ಹಿರಿಯರು ನಂಬುತ್ತಾರೆ. ಮೋಟಾರಿನ ಬಾಕಿ, ದಿನಸಿ ಅಂಗಡಿಯ ಉದ್ದರಿ, ಮಕ್ಕಳ ಶಾಲೆ ಎಲ್ಲ ತೀರಿದ ಮೇಲೆ ಉಳಿದದ್ದು ಮಾಡಿನ ಮೇಲೆ ಹೋಗುತ್ತದೆ. ಆ ಮಾಡನ್ನು ಒಯ್ಯಲು ಒಂದು ಚಂಡಮಾರುತ ಸಾಕು. 1997ರ ಅಕ್ಟೋಬರಿನಲ್ಲಿ ಪಾಲಿನಾ ಚಂಡಮಾರುತ ಈ ದಂಡೆಯನ್ನು ಜಾಲಾಡಿತ್ತು. ಆಗಿನ್ನೂ ಪ್ರವಾಸೋದ್ಯಮ ಕಣ್ಣು ಬಿಡುತ್ತಿದ್ದ ಕಾಲ. 2022ರ ಮೇ 30ರಂದು ಪುಯೆರ್ತೊ ಆಂಹೆಲ್‌ನ ಪಕ್ಕದಲ್ಲೇ ದಡ ಮುಟ್ಟಿದ ಅಗಾಥಾ, ದಾಖಲೆಯಿಡಲು ಆರಂಭಿಸಿದಂದಿನಿಂದ ಮೇ ತಿಂಗಳಲ್ಲಿ ಮೆಕ್ಸಿಕೋದ ಪೆಸಿಫಿಕ್ ದಂಡೆಗೆ ಅಪ್ಪಳಿಸಿದ ಅತಿ ಬಲವಾದ ಚಂಡಮಾರುತ. ಈಸ್ಟರ್ ಮುಗಿದು ಆರು ವಾರವಾಗಿತ್ತಷ್ಟೇ. ವರ್ಷದ ಗಳಿಕೆಯಲ್ಲಿ ಹೊದಿಸಿದ ಗರಿ ಗಾಳಿಗೆ ಹೋಯಿತು. ಅಡವಿಡಲಾಗದ ನೆಲದ ಮೇಲೆ ಮತ್ತೆ ಕಟ್ಟಲು ಬ್ಯಾಂಕಿಗೆ ಹೋಗುವಂತಿರಲಿಲ್ಲ. ನೆಂಟರು, ಚೀಟಿ ಹಣ, ಊರವರೆಲ್ಲ ಕೂಲಿಯಿಲ್ಲದೆ ಕೈಜೋಡಿಸುವ ತೆಕಿಯೊ, ಇವೇ ಗತಿ. ನವೆಂಬರಿನ ಮೊದಲ ವಿದೇಶಿ ಬರುವ ಹೊತ್ತಿಗೆ ಕೋಣೆ ನಿಂತಿರಬೇಕು. ನಿಲ್ಲದವರಿಗೆ ಆ ವರ್ಷದ ಸೀಸನ್ ಇಲ್ಲ.